ಮರುಕೂಗು ಬೇಡವೆಂದ ಮುಸುವ

ಒಂದು ಕಾಡಿನಲ್ಲಿ ರಾಜನೇ ಇರಲಿಲ್ಲ. ಸಿಂಹಾಸನ ಇರಲಿಲ್ಲ, ಕಿರೀಟ ಇರಲಿಲ್ಲ, ಕಿವಿಯೂದುವ ಮಂತ್ರಿ ನರಿಯೂ ಇರಲಿಲ್ಲ. ರಾಜನಿಲ್ಲದ ಕಾಡು ನಡೆಯುವುದುಂಟೇ ಎಂದು ನಗಬೇಡಿ ಮಕ್ಕಳೇ. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಯಾಕೆಂದರೆ ರಾಜನ ಬದಲು ಅಲ್ಲಿ ಒಂದು ಕಟ್ಟಳೆ ಇತ್ತು. ಅದರ ಹೆಸರು ಮರುಕೂಗು.

ಆ ಕಾಡಿನಲ್ಲಿ ಒಂದು ಚಿರತೆ ಇತ್ತು. ಅದು ಬರುವುದು ಮೊದಲು ಕಾಣುತ್ತಿದ್ದುದು ಮರದ ಮೇಲಿನ ಮುಸುವನಿಗೆ. ಮುಸುವ ಎಂದರೆ ಗೊತ್ತಲ್ಲ, ಕಪ್ಪು ಮುಖದ, ಉದ್ದ ಬಾಲದ ಕೋತಿ. ಚಿರತೆ ಕಂಡಕೂಡಲೇ ಅವನು 'ಖಕ್ ಖಕ್' ಎಂದು ಕೂಗಬೇಕು. ಆಗ ನೆಲದ ಮೇಲಿನ ಕಡವೆ ಗಾಳಿಗೆ ಮೂಗೊಡ್ಡಿ ವಾಸನೆ ನೋಡಬೇಕು. ಚಿರತೆಯ ವಾಸನೆ ಹೌದೆನಿಸಿದರೆ ಅವಳು 'ಢೋಂಕ್' ಎಂದು ತಿರುಗಿ ಕೂಗಬೇಕು. ಅದೇ ಮರುಕೂಗು. ಎರಡೂ ಕೇಳಿದರೆ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಓಡಲೇಬೇಕು. ಒಂದೇ ಕೇಳಿದರೆ ಯಾರೂ ಓಡಬೇಕಾಗಿಲ್ಲ, ಎಚ್ಚರವಾಗಿದ್ದರೆ ಸಾಕು. ಒಬ್ಬನ ಕಣ್ಣು ತಪ್ಪಬಹುದು, ಒಬ್ಬಳ ಮೂಗು ತಪ್ಪಬಹುದು, ಎರಡೂ ಒಟ್ಟಿಗೆ ತಪ್ಪುವುದು ಕಡಿಮೆ ಎಂದು ಹಿರಿಯರು ಲೆಕ್ಕ ಹಾಕಿದ್ದರು. ಈ ಕಟ್ಟಳೆಯನ್ನು ಬದಲಿಸಬೇಕಾದರೆ ಎಲ್ಲರೂ ಅತ್ತಿಮರದ ಕೆಳಗೆ ಸೇರಿ ಒಪ್ಪಬೇಕಿತ್ತು.

ಆಗ ಕೂಗುತ್ತಿದ್ದ ಮುಸುವನ ಹೆಸರು ಕರಿಮೂತಿ. ಮರುಕೂಗುತ್ತಿದ್ದ ಕಡವೆಯ ಹೆಸರು ದೊಡ್ಡಕಿವಿ. ಕರಿಮೂತಿಯ ಕಣ್ಣು ಚುರುಕು, ಗಂಟಲು ಗಟ್ಟಿ, ಕೆಲಸದಲ್ಲಿ ಒಂದು ದಿನವೂ ತಪ್ಪಿದವನಲ್ಲ. ಆದರೆ ಅವನ ಹೊಟ್ಟೆಯಲ್ಲಿ ಒಂದು ಕಿಚ್ಚಿತ್ತು. ಅವನು ಎಷ್ಟೇ ಜೋರಾಗಿ ಕೂಗಲಿ, ಎಲ್ಲರ ಮುಖ ತಿರುಗುತ್ತಿದ್ದುದು ದೊಡ್ಡಕಿವಿಯ ಕಡೆಗೆ. ಮೊಲ ಅವಳನ್ನು ನೋಡುತ್ತಿತ್ತು. ಜಿಂಕೆ ಅವಳನ್ನು ನೋಡುತ್ತಿತ್ತು. ಹಂದಿ ಬಾಯಲ್ಲಿದ್ದ ಗೆಡ್ಡೆಯನ್ನು ನುಂಗದೆ ಅವಳನ್ನೇ ನೋಡುತ್ತಾ ನಿಲ್ಲುತ್ತಿತ್ತು. ಅವಳು 'ಢೋಂಕ್' ಎಂದ ಮೇಲೇ ಓಟ.

'ಮರದ ತುದಿಯಲ್ಲಿ ಬಿಸಿಲಿನಲ್ಲಿ ಕೂತು ಕಾಯುವವನು ನಾನು. ಚಿರತೆಯನ್ನು ಕಾಣುವವನು ನಾನು. ಇವಳು ಕೆಳಗೆ ನಿಂತು ಒಂದು ಸಲ ಗಂಟಲು ಬಿಟ್ಟರೆ ಕಾಡೆಲ್ಲ ಓಡುತ್ತದೆ. ಅಂದರೆ ನಾನು ಆಳು, ಇವಳು ಆಳುವವಳು' ಎಂದು ಅವನು ಕೊಂಬೆಯ ಮೇಲೆ ಮೈ ಪರಚಿಕೊಳ್ಳುತ್ತಿದ್ದ. ಅವಳು ಯಾರನ್ನೂ ಆಳುತ್ತಿರಲಿಲ್ಲ. ಅವನು ಕೂಗದಿದ್ದರೆ ಅವಳ ಮರುಕೂಗಿಗೆ ಬೆಲೆಯೇ ಇಲ್ಲ. ಹೊಟ್ಟೆಕಿಚ್ಚಿನವನಿಗೆ ಇನ್ನೊಬ್ಬರ ಅಂಗಳದ ಹುಲ್ಲಷ್ಟೇ ಕಾಣುತ್ತದೆ, ಅದರ ಬೇಲಿ ಕಾಣುವುದಿಲ್ಲ.

ಒಂದು ದಿನ ಗಾಳಿ ತಿರುಗಿತ್ತು. ದೊಡ್ಡಕಿವಿಯ ಕಡೆಯಿಂದ ಚಿರತೆಯ ಕಡೆಗೆ ಗಾಳಿ ಬೀಸುತ್ತಿತ್ತು. ಹಾಗಾಗಿ ಅವಳಿಗೆ ವಾಸನೆ ಸಿಗುವಂತಿರಲಿಲ್ಲ. ಇಂಥ ದಿನಗಳಿಗೂ ಒಂದು ಪದ್ಧತಿ ಇತ್ತು. ಮುಸುವ ಸುಮ್ಮನೆ ಒಂದು ಕೂಗು ಹಾಕಿ ಕೂರುವಂತಿಲ್ಲ. ಚಿರತೆ ಸರಿದ ಹಾಗೆಲ್ಲ ಮರದಿಂದ ಮರಕ್ಕೆ ಹಾರುತ್ತ ಕೂಗುತ್ತಲೇ ಇರಬೇಕು. ಆ ದಿಕ್ಕು ಹಿಡಿದು ಕಡವೆ ಸುತ್ತಿಬಂದು ವಾಸನೆ ನೋಡಬೇಕು. ಕರಿಮೂತಿ ಅಂದು ಚಿರತೆಯನ್ನು ಸ್ಪಷ್ಟವಾಗಿ ಕಂಡ. ಕಂಡು, ಬೇರೆ ಕಡೆಗೆ ಮುಖ ಮಾಡಿ, ಸಣ್ಣಗೆ ಒಂದೇ ಕೂಗು ಹಾಕಿದ. ಯಾವ ದಿಕ್ಕು ಎಂದು ದೊಡ್ಡಕಿವಿ ಕೇಳಿದಳು. ಅವನು ಬಾಲದಲ್ಲಿ ಹೇನು ಹುಡುಕುವವನಂತೆ ತಲೆ ತಗ್ಗಿಸಿ ಕೂತ. ಅಷ್ಟರಲ್ಲಿ ಚಿರತೆ ಪೊದೆಯಿಂದ ನೆಗೆದು ಕೋರೆಯಪ್ಪನ ಮರಿಯನ್ನು ಎತ್ತಿಕೊಂಡು ಹೋಯಿತು. ಕೋರೆಯಪ್ಪ ಎಂದರೆ ಆ ಕಾಡಿನ ದೊಡ್ಡ ಹಂದಿ. ಅವನ ಸಿಟ್ಟಿಗೆ ಆನೆಯೂ ದಾರಿ ಬಿಡುತ್ತಿತ್ತು.

ಎಲ್ಲರೂ ಅತ್ತಿಮರದ ಕೆಳಗೆ ಸೇರಿದರು. ಕೋರೆಯಪ್ಪ ನೆಲವನ್ನು ಕೋರೆಯಿಂದ ಬಗೆಯುತ್ತಾ ಅಳುತ್ತಿದ್ದ. ಕರಿಮೂತಿ ಎಲ್ಲರಿಗಿಂತ ಹೆಚ್ಚು ಅತ್ತ. ಕಣ್ಣೊರೆಸಿಕೊಂಡು ನಯವಾಗಿ ಹೇಳಿದ:

"ನಾನು ಕೂಗಿದೆ. ಎಲ್ಲರೂ ಕೇಳಿದಿರಿ. ದೊಡ್ಡಕಿವಿ ಮರುಕೂಗಲಿಲ್ಲ. ಅವಳದು ತಪ್ಪು ಅಂತ ನಾನು ಹೇಳುವುದಿಲ್ಲಪ್ಪ. ತಪ್ಪು ಈ ಕಟ್ಟಳೆಯದು. ಚಿರತೆ ಹಾರುವಾಗ ಇನ್ನೊಬ್ಬರ ಅಪ್ಪಣೆಗೆ ಕಾಯುತ್ತಾ ಕೂರಬೇಕಾ? ಕಣ್ಣಿದ್ದವನ ಕೂಗು ಒಂದು ಸಾಲದಾ?"

ಅವನು ಒಂದೇ ಸಲ ಕೂಗಿದ, ದಿಕ್ಕು ತೋರಿಸಲಿಲ್ಲ ಎಂದು ದೊಡ್ಡಕಿವಿ ಹೇಳಿ ನೋಡಿದಳು. ಮರಿ ಕಳೆದುಕೊಂಡವನ ಕಿವಿಗೆ ಅದು ನೆಪದಂತೆ ಕೇಳಿತು. ಕೋರೆಯಪ್ಪ ಹೂಂಕರಿಸಿದ. ಅವನು ಹೂಂಕರಿಸಿದ್ದಕ್ಕೆ ಜಿಂಕೆಗಳು ತಲೆಯಾಡಿಸಿದವು. ಜಿಂಕೆಗಳು ತಲೆಯಾಡಿಸಿದ್ದಕ್ಕೆ ಮೊಲಗಳೂ ತಲೆಯಾಡಿಸಿದವು. ಇನ್ನು ಮುಂದೆ ಕರಿಮೂತಿಯ ಕೂಗೊಂದೇ ಕೂಗು, ಅವನು ಕೂಗಿದರೆ ಓಡಬೇಕು, ಬೇರೆ ಯಾರು ಕೂಗಿದರೂ ಕದಲಬಾರದು ಎಂದು ತೀರ್ಮಾನವಾಯಿತು.

ದೊಡ್ಡಕಿವಿ ಅಳಲಿಲ್ಲ, ಜಗಳವಾಡಲಿಲ್ಲ. "ನನ್ನ ಕೂಗು ಬೇಡವಾದರೆ ಬೇಡ ಬಿಡಿ. ನವಿಲನ್ನಾದರೂ ಇಟ್ಟುಕೊಳ್ಳಿ, ಕಾಡುಕೋಳಿಯನ್ನಾದರೂ ಇಟ್ಟುಕೊಳ್ಳಿ. ಅವನ ಕೂಗಿಗೆ ಯಾರದಾದರೂ ಒಂದು ಮರುಕೂಗು ಇರಲಿ. ಒಂಟಿ ಕೂಗು ಮಾತ್ರ ಬೇಡ" ಎಂದಳು. ಯಾರೂ ಕೇಳಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎನ್ನುತ್ತಾರೆ. ಈ ಕಾಡಿನವರು ಕೊಯ್ದುಕೊಂಡಿದ್ದು ತಮ್ಮ ಮೂಗನ್ನೇ.

ಮೊದಲ ದಿನ ಕರಿಮೂತಿ ಚಿರತೆ ಇಲ್ಲದೆಯೇ ಕೂಗಿದ. ಸುಮ್ಮನೆ, ಹೇಗಿರುತ್ತದೆ ನೋಡೋಣ ಎಂದು ಕೂಗಿದ. ಇಡೀ ಕಾಡು ಧೂಳೆಬ್ಬಿಸಿಕೊಂಡು ಓಡಿತು. ಕೋರೆಯಪ್ಪನಂಥ ಕೋರೆಯಪ್ಪನೂ ಬಿದ್ದು ಎದ್ದು ಓಡಿದ. ಕರಿಮೂತಿಗೆ ಮೈಯೆಲ್ಲ ಪುಳಕವಾಯಿತು. ಮೊದಲೇ ಕೋತಿ, ಮೇಲೆ ಹೆಂಡ ಕುಡಿದಿತ್ತು ಎಂಬಂತಾಯಿತು ಅವನ ಸ್ಥಿತಿ.

ಆದರೆ ಆ ಸುಖದಲ್ಲೂ ಒಂದು ಮುಳ್ಳು ಉಳಿಯಿತು. ಓಡುವ ಮುಂಚೆ ಎಲ್ಲರೂ ಒಂದು ಗಳಿಗೆ ದೊಡ್ಡಕಿವಿಯ ಕಡೆ ನೋಡಿಯೇ ಓಡುತ್ತಿದ್ದರು. ಅವಳು ಕೂಗುವುದಿಲ್ಲವೆಂದು ಗೊತ್ತು. ಆದರೂ ಕತ್ತು ತಾನಾಗಿ ತಿರುಗುತ್ತಿತ್ತು. ಅದನ್ನು ಕಂಡು ಕರಿಮೂತಿಗೆ ತಿಂದ ಚಿಗುರು ಮೈಗೆ ಹತ್ತಲಿಲ್ಲ. ಅಧಿಕಾರವೆಲ್ಲ ಕೈಗೆ ಬಂದರೂ ಆ ಒಂದು ನೋಟ ಅವನಿಗೆ ಬರಲಿಲ್ಲ. ಅವಳು ಎದುರಿಗಿರುವುದೇ ಬೇಡವೆಂದು ಹಳ್ಳದ ಆಚೆಗೆ ಓಡಿಸಿದ. ಅವಳು ಬಾಯಿ ಬಿಡುವುದೇ ತಪ್ಪು ಎಂದು ಇನ್ನೊಂದು ಕಟ್ಟಳೆ ಮಾಡಿದ. ಈ ಸಲ ಅತ್ತಿಮರದ ಕೆಳಗೆ ಯಾರನ್ನೂ ಸೇರಿಸಲಿಲ್ಲ. ಕೂಗುವವನು ತಾನೇ, ಕಟ್ಟಳೆ ಮಾಡುವವನೂ ತಾನೇ ಆದಮೇಲೆ ಸಭೆ ಯಾಕೆ?

ಬೇಸಿಗೆ ಬಂತು. ಹಳ್ಳದ ಈಚೆ ಬಯಲಿನಲ್ಲಿ ಒಂದು ಉಪ್ಪುಮಣ್ಣಿನ ಗುಂಡಿ ಇತ್ತು. ಆ ಮಣ್ಣು ನೆಕ್ಕಿದರೆ ಪ್ರಾಣಿಗಳಿಗೆ ಮೈಯಲ್ಲಿ ಕಸುವು. ಎಲ್ಲರೂ ಸರದಿಯ ಮೇಲೆ ಬಂದು ನೆಕ್ಕುವುದು ರೂಢಿ. ಕರಿಮೂತಿಗೆ ಸರದಿ ಕಾಯುವುದು ಅವಮಾನವೆನಿಸಿತು. ಜಿಂಕೆಗಳು ಗುಂಡಿಗೆ ಬಾಯಿ ಹಾಕಿದ್ದೇ ತಡ, ಅವನು ಮರದ ಮೇಲಿಂದ 'ಖಕ್ ಖಕ್' ಎನ್ನುತ್ತಿದ್ದ. ಅವು ಓಡಿಹೋಗುತ್ತಿದ್ದವು. ಅವನು ಇಳಿದುಬಂದು ಒಬ್ಬನೇ ಕೂತು ಮುಷ್ಟಿ ಮುಷ್ಟಿ ಮಣ್ಣು ತಿನ್ನುತ್ತಿದ್ದ. ದಿನವೂ ಇದೇ ಆಯಿತು. ಒಮ್ಮೆ ಹಾಗೆ ಓಡುವಾಗ ಜಿಂಕೆಯ ಮರಿಯೊಂದು ಬಂಡೆಯ ಸಂದಿಗೆ ಬಿದ್ದು ಕಾಲು ಮುರಿದುಕೊಂಡಿತು. ಯಾರಿಗೂ ಅನುಮಾನ ಬರಲಿಲ್ಲವೆಂದಲ್ಲ. ಬಂದರೂ ಓಡದೆ ನಿಲ್ಲುವಂತಿರಲಿಲ್ಲ. ನಿಜವಾಗಿಯೂ ಚಿರತೆ ಬಂದಿದ್ದರೆ? ಕೇಳಿ ನೋಡೋಣವೆಂದರೆ ಮರುಕೂಗೇ ಇರಲಿಲ್ಲವಲ್ಲ.

ಇದನ್ನೆಲ್ಲ ಇನ್ನೊಬ್ಬರು ಪೊದೆಯೊಳಗಿಂದ ನೋಡುತ್ತಿದ್ದರು. ಅದೇ ಚಿರತೆ. ಮುಸುವ ಕೂಗಿದ ಕೂಡಲೇ ಬಯಲು ಖಾಲಿಯಾಗುತ್ತದೆ, ಆಮೇಲೆ ಮರದಿಂದ ದೂರದಲ್ಲಿ ಒಬ್ಬನೇ ಒಬ್ಬ ಮುಸುವ ಬೆನ್ನು ಹಾಕಿ ಕೂತಿರುತ್ತಾನೆ ಎಂಬುದು ಅದಕ್ಕೆ ಅರ್ಥವಾಗಿತ್ತು.

ಒಂದು ಮಧ್ಯಾಹ್ನ ಕರಿಮೂತಿ ಎಂದಿನಂತೆ ಕೂಗಿದ. ಎಲ್ಲರೂ ಓಡಿ ದಿಬ್ಬದ ಮೇಲೆ ನಿಂತರು. ಅವನು ಬಾಲ ಎತ್ತಿಕೊಂಡು ಗುಂಡಿಗೆ ಇಳಿದ. ಹಳ್ಳದಾಚೆ ನಿಂತಿದ್ದ ದೊಡ್ಡಕಿವಿಗೆ ಗಾಳಿಯಲ್ಲಿ ಚಿರತೆಯ ವಾಸನೆ ಬಂತು. ವಾಸನೆ ಗುಂಡಿಯ ಪಕ್ಕದ ಪೊದೆಯಿಂದಲೇ ಬರುತ್ತಿತ್ತು. ಬಾಯಿ ಬಿಡಬಾರದೆಂಬ ಕಟ್ಟಳೆ ಅವಳಿಗೆ ನೆನಪಿತ್ತು. ತನ್ನನ್ನು ಹಳ್ಳ ದಾಟಿಸಿದವನೇ ಅಲ್ಲಿ ಕೂತಿದ್ದಾನೆ ಎಂಬುದೂ ನೆನಪಿತ್ತು. ಅವಳು ಒಮ್ಮೆ ತಲೆ ತಗ್ಗಿಸಿದಳು. ಆಮೇಲೆ ಕತ್ತೆತ್ತಿ 'ಢೋಂಕ್' ಎಂದು ಕೂಗಿದಳು.

ದಿಬ್ಬದ ಮೇಲಿದ್ದವರೆಲ್ಲ ಕೇಳಿದರು. ಯಾರೂ ಕದಲಲಿಲ್ಲ. ಅವಳ ಕೂಗಿಗೆ ಕದಲಬಾರದು ಎಂದು ಅವರೇ ತೀರ್ಮಾನ ಮಾಡಿದ್ದರು.

ಕರಿಮೂತಿಯೂ ಕೇಳಿದ. ಅವನ ಕಣ್ಣು ಕೆಂಪಾಯಿತು. ಚಿರತೆ ಎಂಬುದು ಅವನ ಮನಸ್ಸಿಗೆ ಬರಲೇ ಇಲ್ಲ. ಹೊಟ್ಟೆಕಿಚ್ಚು ಪಡುವವನಿಗೆ ಊರವರೆಲ್ಲ ಹೊಟ್ಟೆಕಿಚ್ಚಿನವರಾಗಿಯೇ ಕಾಣುತ್ತಾರೆ. ನನ್ನ ಅಧಿಕಾರ ಕಂಡು ಇವಳಿಗೆ ಉರಿ, ಅದನ್ನು ಕಿತ್ತುಕೊಳ್ಳಲು ಕೂಗುತ್ತಿದ್ದಾಳೆ ಎಂದುಕೊಂಡ. ಅವಳು ಮತ್ತೆ ಕೂಗಿದಳು. ಮರ ಹತ್ತುವಷ್ಟು ಹೊತ್ತು ಅವನಿಗೆ ಆಗಲೂ ಇತ್ತು. ಅವನು ಮರದ ಕಡೆ ಓಡಲಿಲ್ಲ. ಹಳ್ಳದ ಕಡೆ ತಿರುಗಿ, ಎರಡು ಕಾಲಿನ ಮೇಲೆ ಎದ್ದುನಿಂತು ಗದರಿದ:

"ಕೂಗುವುದಕ್ಕೆ ನಿನಗೆ ಅಧಿಕಾರ ಕೊಟ್ಟವರು ಯಾರು?"

ಅದೇ ಅವನ ಕೊನೆಯ ಮಾತು. ಚಿರತೆ ಹಿಂದಿನಿಂದ ಬಂದಿತ್ತು.

ದಿಬ್ಬದ ಮೇಲಿದ್ದವರು ಅದನ್ನೆಲ್ಲ ಕಂಡರು. ಅವನು ಕೆಟ್ಟವನೆಂದು ಸಿಟ್ಟಿದ್ದವರಿಗೂ ಎದೆ ಭಾರವಾಯಿತು. ಅವನು ಹಾಳಾಗಿದ್ದು ಅವನ ಹೊಟ್ಟೆಕಿಚ್ಚಿನಿಂದ ನಿಜ, ಆದರೆ ಕಿಚ್ಚಿಗೆ ಕಟ್ಟಿಗೆ ಕೊಟ್ಟವರು ತಾವೇ ಎಂದು ಎಲ್ಲರಿಗೂ ಗೊತ್ತಾಗಿತ್ತು.

ಮರುದಿನ ಕೋರೆಯಪ್ಪ ತಾನೇ ಹಳ್ಳ ದಾಟಿ ಹೋಗಿ ದೊಡ್ಡಕಿವಿಯನ್ನು ಕರೆತಂದ. ಎಲ್ಲರೂ ಅತ್ತಿಮರದ ಕೆಳಗೆ ಸೇರಿದರು. ಕೋರೆಯಪ್ಪ ತಲೆ ತಗ್ಗಿಸಿಕೊಂಡೇ, ನಮ್ಮಿಂದ ತಪ್ಪಾಯಿತು ತಾಯಿ, ಶತ್ರುವಿಗೂ ಎಚ್ಚರ ಹೇಳಿದವಳು ನೀನು, ಇನ್ನು ಮೇಲೆ ನಿನ್ನ ಕೂಗೊಂದೇ ನಮಗೆ ಸಾಕು ಎಂದ. ಜಿಂಕೆಗಳು ತಲೆಯಾಡಿಸಿದವು. ಅವನ್ನು ನೋಡಿ ಮೊಲಗಳೂ ತಲೆಯಾಡಿಸಲು ಹೊರಟವು.

ದೊಡ್ಡಕಿವಿಗೆ ನಗುವೂ ಬಂತು, ಬೇಸರವೂ ಬಂತು.

"ಇನ್ನೂ ಕಲಿತಿಲ್ಲವಲ್ಲ ನೀವು" ಎಂದಳು. "ಹಳ್ಳದಾಚೆ ನಿಂತು ಅವನು ಉಪ್ಪು ತಿನ್ನುವುದನ್ನು ದಿನಾ ನೋಡುತ್ತಿದ್ದೆ. ನನಗೂ ಹೊಟ್ಟೆ ಉರಿದಿದೆ. ನಿನ್ನೆ ಕೂಗುವ ಮೊದಲು ಒಂದು ಗಳಿಗೆ, ಸಾಯಲಿ ಬಿಡು ಅಂತ ಅನ್ನಿಸಿದ್ದೂ ನಿಜ. ಇವತ್ತು ನಾನು ಒಳ್ಳೆಯವಳು. ನಾಳೆ ಆ ಉರಿಯೇ ನನ್ನನ್ನು ಗೆದ್ದರೆ ಏನು ಮಾಡುತ್ತೀರಿ? ಹೋಗಿ, ಮರದ ಮೇಲಿಂದ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ. ಅಲ್ಲಿಯತನಕ ನಾನು ಬಾಯಿ ಬಿಡುವುದಿಲ್ಲ."

ಮುಸುವಗಳ ಗುಂಪಿನಿಂದ ಒಬ್ಬ ಮುದುಕಿ ಹಿಂಜರಿಯುತ್ತಾ ಕೆಳಗಿಳಿದು ಬಂದಳು. ಅವಳು ಕೂಗಬೇಕು, ದೊಡ್ಡಕಿವಿ ಮರುಕೂಗಬೇಕು ಎಂದಾಯಿತು. ಈ ಸಲ ಕೋರೆಯಪ್ಪ ಪಟ್ಟು ಹಿಡಿದು ಇನ್ನೊಂದು ಮಾತು ಸೇರಿಸಿದ. ಸಿಟ್ಟಿನಲ್ಲಿರುವಾಗ, ದುಃಖದಲ್ಲಿರುವಾಗ ಯಾರೂ ಕಟ್ಟಳೆ ಬದಲಿಸಕೂಡದು, ತಾನಂತೂ ಬದಲಿಸಲೇಕೂಡದು ಎಂದ. ಅದಕ್ಕೆ ಮೊಲಗಳು ಬೇರೆಯವರ ಮುಖ ನೋಡದೆ ಒಪ್ಪಿದವು.

ನೀತಿ: ಅಧಿಕಾರ ಎಷ್ಟು ಒಳ್ಳೆಯವರ ಕೈಯಲ್ಲಿದ್ದರೂ ಅದನ್ನು ತಡೆದು ಕೇಳುವ ಇನ್ನೊಂದು ದನಿ ಇರಲೇಬೇಕು; ಹೊಟ್ಟೆಕಿಚ್ಚಿನಿಂದ ಆ ದನಿಯನ್ನು ಅಡಗಿಸಿದವನಿಗೆ ತನ್ನ ಅಪಾಯದ ಎಚ್ಚರಿಕೆಯೂ ಕೇಳಿಸುವುದಿಲ್ಲ.