ಕ್ಲೂ ಎಂಬ ನೂಲಿನ ಉಂಡೆ

ನೇಕಾರರ ಊರೊಂದರಲ್ಲಿ ಈರಪ್ಪ ಎಂಬ ಇಂಗ್ಲಿಷ್ ಮಾಸ್ತರರಿದ್ದರು. ಯಾವ ಪದ ಕೇಳಿದರೂ ಥಟ್ಟನೆ ಅರ್ಥ ಹೇಳುತ್ತಿದ್ದರು. ಆ ಪದ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ, ಪರೀಕ್ಷೆಗೆ ಅರ್ಥವಷ್ಟೇ ಸಾಕೆಂದು ಬಾಯಿ ಮುಚ್ಚಿಸುತ್ತಿದ್ದರು.

ಒಮ್ಮೆ ಮಕ್ಕಳನ್ನು ಊರಾಚೆಯ ಹಾಳು ಕೋಟೆಗೆ ಕರೆದೊಯ್ದರು. ವಾಪಸು ಹೊರಡುವಾಗ ಎಣಿಸಿದರೆ ಇಬ್ಬರು ಕಡಿಮೆ. ಗೌರಾ ಮತ್ತು ಮೆಹಬೂಬಿ ನೆಲಮಾಳಿಗೆಗೆ ಇಳಿದಿದ್ದರಂತೆ. ಒಳಗೆ ಕಗ್ಗತ್ತಲು, ಹೆಜ್ಜೆಹೆಜ್ಜೆಗೂ ಕವಲು ದಾರಿ. ಮಾಸ್ತರರು ಮೊಬೈಲಿನ ಬೆಳಕು ಹಿಡಿದು ನುಗ್ಗಲು ಹೊರಟರು.

ಗದ್ದಲ ಕೇಳಿ ಕೋಟೆಯ ಬುಡದಲ್ಲಿ ಮಗ್ಗ ನಡೆಸುವ ಶಾಂತವ್ವ ಓಡಿಬಂದಳು. ಸಂಗತಿ ತಿಳಿದವಳೇ ಮನೆಗೆ ಹೋಗಿ ಉಡಿ ತುಂಬ ನೂಲಿನ ಉಂಡೆ ತಂದಳು.

"ಒಳಗ ಹೋಗೋದು ದೊಡ್ಡದಲ್ರೀ ಮಾಸ್ತರ, ಹೊರಗ ಬರೋದು ದೊಡ್ಡದು. ಉಂಡಿ ಬಿಚ್ಚಿಕೋತ ಹೋಗ್ರಿ. ತುದಿ ನನ್ನ ಕೈಯಾಗಿರ್ತದ."

ಮಾಸ್ತರರು ನೂಲು ಬಿಡುತ್ತಾ ನಡೆದರು. ಎರಡು ಸಲ ತಪ್ಪು ಕವಲು ಹಿಡಿದು, ನೂಲಿನ ಜಾಡಿನಲ್ಲೇ ಹಿಂದೆ ಬಂದರು. ಮೂರನೆಯ ಸಲ ಅಳು ಕೇಳಿಸಿತು. ಹುಡುಗಿಯರಿಬ್ಬರೂ ಗೋಡೆಗೆ ಒರಗಿ ಕುಳಿತಿದ್ದರು. ಅವರ ಕೈ ಹಿಡಿದು, ನೂಲು ಸುತ್ತುತ್ತಾ ಮಾಸ್ತರರು ಬಿಸಿಲಿಗೆ ಬಂದರು.

ಮರುದಿನ ತರಗತಿಯಲ್ಲಿ ಅದೇ ಘಟನೆಯನ್ನು ಇಂಗ್ಲಿಷಿನಲ್ಲಿ ಬರೆಸುವಾಗ 'ಸುಳಿವು' ಎಂಬ ಮಾತು ಬಂತು. ಮಾಸ್ತರರು 'ಕ್ಲೂ' ಎಂದರು. ಆ ಪದ ಎಲ್ಲಿಂದ ಬಂತೆಂದು ಗೌರಾ ಕೇಳಿದಳು. ಅಂದೇಕೋ ಅವಳನ್ನು ಸುಮ್ಮನಾಗಿಸಲು ಮನಸ್ಸಾಗಲಿಲ್ಲ. ದಪ್ಪ ನಿಘಂಟು ತೆಗೆದರು. ಓದುತ್ತಾ ಓದುತ್ತಾ ಮೈ ಜುಮ್ಮೆಂದಿತು.

ಆ ಪದಕ್ಕೆ ಮೊದಲಿದ್ದ ಅರ್ಥ ನೂಲಿನ ಉಂಡೆ! ಗ್ರೀಕರ ಹಳೆಯ ಕಥೆಯೊಂದರಲ್ಲಿ, ಸುತ್ತುದಾರಿಯ ಮನೆಯೊಳಗೆ ಹೋದ ವೀರನೊಬ್ಬ ನೂಲಿನ ಉಂಡೆ ಬಿಚ್ಚುತ್ತಾ ನಡೆದು, ಅದನ್ನೇ ಹಿಡಿದು ಹೊರಬಂದನಂತೆ. ಹಾಗಾಗಿ ದಾರಿ ತೋರಿಸುವುದೆಲ್ಲ ಬರಬರುತ್ತಾ 'ಕ್ಲೂ' ಆಯಿತು.

ಮಾಸ್ತರರು ಗಂಟೆ ಬಾರಿಸುವವರೆಗೂ ಕಾಯಲಿಲ್ಲ. ನಿಘಂಟನ್ನು ಕಂಕುಳಲ್ಲಿ ಇರುಕಿಕೊಂಡು, ಮಕ್ಕಳನ್ನೆಲ್ಲ ಕಟ್ಟಿಕೊಂಡು ಶಾಂತವ್ವನ ಮನೆಗೆ ನಡೆದರು. ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದರು. ಶಾಂತವ್ವ ಮಗ್ಗ ನಿಲ್ಲಿಸಿ ಕೇಳಿದಳು. ಅವಳ ಮುಖ ಅರಳಿತು.

"ಹಂಗಾರ ಆ ದೇಶದಾಗೂ ನಮ್ಮಂಗ ನೂಲು ಸುತ್ತೋರು ಇದ್ರೇನ್ರೀ?"

"ಇದ್ದರವ್ವಾ," ಎಂದರು ಮಾಸ್ತರರು. "ಇಷ್ಟು ವರ್ಷ ನಾನೇ ಕೇಳಲಿಲ್ಲ."

ನೀತಿ: ಪದದ ಅರ್ಥ ತಿಳಿದರೆ ಪಾಠ ಮುಗಿಯುವುದಿಲ್ಲ. ಅದು ಎಲ್ಲಿಂದ ಬಂತೆಂದು ಕೇಳಬೇಕು. ಆಗ ಅದರ ಹಿಂದೆ ದುಡಿದ ಕೈಗಳೂ ಕಾಣುತ್ತವೆ.