ಗವಿಯೊಳಗಿನ ಬಾಣಂತಿಯರು

ಹೊನ್ನಗುಡ್ಡದ ಗವಿಯ ಬಾಯಲ್ಲಿ ಒಂದು ಕಂಬಳಿ, ಒಂದು ತಂಬಿಗೆ. ಪೂಜ್ಯ ನಿಜಲಿಂಗಯ್ಯ ಶಿವಯೋಗಿಗಳ ಮಠವೆಂದರೆ ಅಷ್ಟೇ. ಗವಿಯ ಒಳಭಾಗ ಸಣ್ಣ ಬಾವಲಿಗಳದು. ಆ ಜಾತಿಯವು ಸುತ್ತಲಿನ ಸೀಮೆಯಲ್ಲಿ ಬೇರೆಲ್ಲೂ ಇರಲಿಲ್ಲ. ಅವು ಮರಿ ಹಾಕುವ ಬೇಸಗೆಯಲ್ಲಿ ಶಿವಯೋಗಿಗಳು ಒಳಗೆ ದೀಪ ಒಯ್ಯುತ್ತಿರಲಿಲ್ಲ, ಭಕ್ತರಿಗೆ ಗಂಟೆ ಬಾರಿಸಗೊಡುತ್ತಿರಲಿಲ್ಲ. “ಬಾಣಂತೇರು ಮಲಗ್ಯಾರ” ಎನ್ನುತ್ತಿದ್ದರು. ದೇವರಿಗಿಂತ ಬಾವಲಿ ಹೆಚ್ಚಾಯಿತೇ ಎಂದು ನಗುವವರೂ ಇದ್ದರು. ನಗುವವರ ಬಾಯಿಗೆ ಬೀಗ ಹಾಕುವವರಾರು?

ಅಂಥದೊಂದು ಬೇಸಗೆಯಲ್ಲಿ ಸುಣ್ಣದ ಭಟ್ಟಿಯ ದುರಗಪ್ಪ ಬಂದ. ಅವನ ಒಬ್ಬಳೇ ಮಗಳು ಹುಲಿಗೆವ್ವಳಿಗೆ ಜ್ವರ ಬಂದು ಹೋದಮೇಲೆ ಎರಡೂ ಕಾಲು ಸೋತಿದ್ದವು. ಬಾವಲಿಯ ಕೊಬ್ಬು ಕಾಸಿದ ಎಣ್ಣೆ ತಿಕ್ಕಿದರೆ ಕಾಲಿಗೆ ಬಲ ಬರುತ್ತದೆಂದು ಯಾರೋ ಹೇಳಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವೈದ್ಯವಿದು. ಆದರೂ ಮಗಳನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿದ ತಂದೆಯನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ.

ಅವನ ಕೈಯಲ್ಲಿ ಒಣಮೆಣಸಿನಕಾಯಿಯ ಚೀಲ, ಹಸಿ ಬೇವಿನ ಸೊಪ್ಪು ಇದ್ದವು.

“ಅಜ್ಜಾರ, ಹೊರಗ ಬರ್ರಿ. ಮಗಳ ಕಾಲಿಗೆ ಬಾವಲಿ ಎಣ್ಣಿ ಬೇಕ್ರಿ, ಹೊಗಿ ಹಾಕತೀನಿ” ಎಂದ.

“ಆ ಎಣ್ಣಿಯಿಂದ ಕಾಲು ಬರಂಗಿಲ್ಲ ದುರಗಪ್ಪ. ಬರೇ ಕೊಲಿ ಆಕ್ಕೈತಿ” ಎಂದರು ಶಿವಯೋಗಿಗಳು.

“ನಿಮಗ ಮಕ್ಕಳಿಲ್ಲ. ನಿಮಗೇನು ಗೊತ್ರಿ?”

ಶಿವಯೋಗಿಗಳು ಎದ್ದು ಕತ್ತಲೆಯ ಒಳಗವಿಗೆ ನಡೆದು ಬಾವಲಿಗಳ ಕೆಳಗೆ ಕುಳಿತುಬಿಟ್ಟರು. ಕಣ್ಣು ಉರಿದರೆ ಎಂಥ ಶಿವಯೋಗಿಯೂ ಎದ್ದು ಬರುತ್ತಾನೆಂದು ದುರಗಪ್ಪ ಎಣಿಸಿದ. ಮೆಣಸಿನಕಾಯಿಗೆ ಬೆಂಕಿ ಇಟ್ಟು ಗವಿಯ ಬಾಯಿಗೆ ಕಂಬಳಿ ಕಟ್ಟಿದ.

ಅವರು ಬರಲಿಲ್ಲ. ಕೆಮ್ಮು ಕೇಳಿಸಿತು, ಆಮೇಲೆ ಅದೂ ನಿಂತಿತು. ಆಗ ದುರಗಪ್ಪ ಕಂಬಳಿ ಕಿತ್ತು, ಬೆಂಕಿಯನ್ನು ಕಾಲಿನಿಂದಲೇ ಒದ್ದು ಒಳಗೆ ನುಗ್ಗಿದ. ನಾಲ್ಕಾರು ಬಾವಲಿಗಳು ಅವನ ತಲೆಯ ಮೇಲಿಂದ ಹೊರಗೆ ಹಾರಿಹೋದವು. ಉಳಿದವೆಲ್ಲ ನೆಲದ ತುಂಬ ಬಿದ್ದಿದ್ದವು. ಸತ್ತ ತಾಯಂದಿರ ಎದೆ ಕಚ್ಚಿಕೊಂಡ ಮರಿಗಳು ಇನ್ನೂ ಮಿಸುಕುತ್ತಿದ್ದವು. ಶಿವಯೋಗಿಗಳು ಕೈಗೆ ಸಿಕ್ಕಷ್ಟು ಮರಿಗಳನ್ನು ಕಾವಿಯಲ್ಲಿ ಮುಚ್ಚಿಕೊಂಡು ಬಗ್ಗಿದ್ದರು. ಜೀವವಿತ್ತು; ಕಣ್ಣು ಬೆಂದಿದ್ದವು.

“ಎಣ್ಣಿಗೆ ಬೇಕಾದಷ್ಟು ಸತ್ತಾವ. ಒಯ್ತೀಯೇನಪಾ?” ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ.

ದುರಗಪ್ಪ ಒಂದನ್ನೂ ಒಯ್ಯಲಿಲ್ಲ. ಗುಡ್ಡದ ಬುಡದಲ್ಲಿ ಕುಣಿ ತೋಡಿ ಎಲ್ಲವನ್ನೂ ಮಣ್ಣು ಮಾಡಿದ. ಕಾವಿಯೊಳಗಿನ ಮರಿಗಳೂ ಹಾಲಿಲ್ಲದೆ ಸತ್ತವು. ಓದುವ ಭಕ್ತರು ಇಲ್ಲೊಂದು ಪವಾಡವನ್ನು ಎದುರುನೋಡಬಹುದು, ಆಗಲಿಲ್ಲ. ಹುಲಿಗೆವ್ವ ಎದ್ದು ನಡೆಯಲಿಲ್ಲ, ಶಿವಯೋಗಿಗಳಿಗೆ ದೃಷ್ಟಿ ಮರಳಲಿಲ್ಲ.

ದುರಗಪ್ಪ ಭಟ್ಟಿ ಬಿಟ್ಟು, ಮಗಳೊಡನೆ ಗವಿಯ ಬಳಿಯೇ ಗುಡಿಸಲು ಹಾಕಿದ. ಹೊಗೆ ಹಾಕಲು, ಕಲ್ಲು ಒಡೆಯಲು ಬಂದವರನ್ನು ಕಾಲಿಗೆ ಬಿದ್ದಾದರೂ ತಿರುಗಿಸಿ ಕಳಿಸುತ್ತಿದ್ದ. ಹಾರಿಹೋದ ಬಾವಲಿಗಳು ಗವಿಗೆ ಮರಳಿರಲಿಲ್ಲ. ದಿನವೂ ಸಂಜೆ ಶಿವಯೋಗಿಗಳು “ಬಂದುವೇನು?” ಎಂದು ಕೇಳುವರು. “ಇಲ್ರಿ ಅಜ್ಜಾರ” ಎನ್ನುವನು. ಕಣ್ಣಿಲ್ಲದವರಿಗೆ ಹೌದೆಂದು ಹೇಳಿ ಸಮಾಧಾನ ಮಾಡಬಹುದಿತ್ತು. ಅವನು ಸುಳ್ಳಾಡಲಿಲ್ಲ.

ಶಿವಯೋಗಿಗಳು ಲಿಂಗೈಕ್ಯರಾದ ಮೇಲೂ ಸಂಜೆಗೆ ಗದ್ದುಗೆಯ ಮುಂದೆ ಕುಳಿತು “ಇವತ್ತೂ ಇಲ್ರಿ” ಎಂದು ಒಪ್ಪಿಸಿ ಏಳುತ್ತಿದ್ದ. ಹಾಗೆಯೇ ಮುದುಕನಾದ. ಒಂದು ಬೇಸಗೆಯ ಸಂಜೆ ಗವಿಯಿಂದ ಏದುಸಿರು ಬಿಡುತ್ತ ಬಂದು ಗದ್ದುಗೆಗೆ ಹಣೆ ಹಚ್ಚಿ ಅತ್ತ.

“ಒಂದು ಬಂದೈತ್ರಿ ಅಜ್ಜಾರ. ಎದಿಗೆ ಮರಿ ಐತ್ರಿ.”