ಆಸೆ ಕೆಟ್ಟಾಗ ಮುದ್ದ ಆಡಿದ ಮಾತು

ಹತ್ತಿರ ಬನ್ನಿ, ಕೂತುಕೊಳ್ಳಿ. ನಗು ಬಂದರೆ ನಕ್ಕುಬಿಡಿ, ಸಾಕವ್ವನಿಗೆ ಮಾತ್ರ ಹೇಳಬೇಡಿ. ಪಾಪ, ಆಕೆಗೆ ಆಗಲೇ ಸಾಕುಸಾಕಾಗಿದೆ.

ಸಾಕವ್ವನಿಗೆ ಒಬ್ಬನೇ ಮಗ, ಹೆಸರು ಮುದ್ದ. ಊರವರು ಮೊದಲ ಅಕ್ಷರ ಬದಲಾಯಿಸಿ ‘ಪೆದ್ದ’ ಎಂದು ಕರೆಯುತ್ತಿದ್ದರು. ಅವನು ಅದಕ್ಕೂ "ಓ" ಅನ್ನುತ್ತಿದ್ದ! ಬೈದರೂ ನಗು, ಮೋಸ ಮಾಡಿದರೂ ನಗು. ಪಕ್ಕದೂರಿನ ಲಕ್ಕೇಗೌಡರ ಮಗಳು ಚಿಕ್ಕತಾಯಿಯನ್ನು ಸೊಸೆ ಮಾಡಿಕೊಳ್ಳಬೇಕೆಂದು ಸಾಕವ್ವನಿಗೆ ಬಲು ಆಸೆ. ಕೇಳಿದರೆ ಗೌಡರು ಏನಂದರು?

"ನೋಡವ್ವ, ಹುಡುಗ ಒಳ್ಳೇವ್ನೇಯ. ಆದ್ರೆ ಮೋಸ ಹೋದ್ರೂ ಬಾಯಿ ಬುಡ್ದೋನು ಸಂಸಾರ ಹೆಂಗ್ ಮಾಡಾನು? ಮೊದ್ಲು ಬಾಯಿ ಬುಡೋದು ಕಲ್ಸು. ಆಮೇಲೆ ಹೆಣ್ಣು ನೋಡಕ್ಕೆ ಬನ್ನಿ."

ಅವತ್ತೇ ಮುದ್ದ ಸಂತೆಯಿಂದ ಒಂದು ಕುಂಬಳಕಾಯಿ ತಂದ. ಕುಯ್ದರೆ ಒಳಗೆಲ್ಲ ಕೊಳೆತು ನಾರುತ್ತಿದೆ! ಮುದ್ದ ಹಲ್ಲು ಕಿರಿದ.

"ನಗ್ತೀಯಲ್ಲೋ! ಆಸೆ ಕೆಟ್ಟಾಗ ಬಾಯಿ ಬುಡ್ಬೇಕು ಕಣ್ಲಾ!"

"ಏನಂತ ಬುಡ್ಲವ್ವ?"

"ಮುಚ್ಚಿದ್ದು ತೆಗ್ದು ನೋಡ್ದಾಗ, ‘ಮೇಲ್ ನೋಡಿ ಮೋಸ ಹೋದೆ, ಒಳಗೇನೂ ಇಲ್ಲ!’ ಅನ್ಬೇಕು. ಜೋರಾಗಿ ಅನ್ಬೇಕು!"

"ಸರಿ ಕಣವ್ವ."

ಮಾರನೇ ದಿನ ನಂಜವ್ವನ ಮನೆಯಲ್ಲಿ ಮೊಮ್ಮಗನ ತೊಟ್ಟಿಲು ಶಾಸ್ತ್ರ. ಮುದ್ದನೂ ಹೋದ. ನಂಜವ್ವ ತೊಟ್ಟಿಲ ಮೇಲಿನ ಸೀರೆ ಸರಿಸಿ, "ನೋಡಪ್ಪ, ನನ್ ಬಂಗಾರ ಹೆಂಗವ್ನೆ!" ಅಂದಳು. ಮುಚ್ಚಿದ್ದು ತೆಗೆದರಲ್ಲ! ಮುದ್ದ ಬಗ್ಗಿ ನೋಡಿದ. ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ಮೇಲ್ ನೋಡಿ ಮೋಸ ಹೋದೆ! ಒಳಗೇನೂ ಇಲ್ಲ!"

ನಂಜವ್ವ ಸೌಟು ಹಿಡಿದು ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಬಂದಳು.

ಸಾಕವ್ವ ಹಣೆ ಚಚ್ಚಿಕೊಂಡಳು. "ಅದು ಕಾಯಿಪಲ್ಯಕ್ಕೆ ಕಣ್ಲಾ! ಮನುಷ್ಯರ್ ಮುಂದೆ ಹಂಗೆ ಕಿರುಚ್ತಾರಾ? ಪಕ್ಕದಲ್ಲಿ ಕೂತು, ಉಸ್ ಅಂತ ಉಸಿರು ಬುಟ್ಟು, ‘ಏನೇನೋ ಅಂದ್ಕೊಂಡು ಕಾದಿದ್ವಿ, ಕೊನೆಗೆ ಹಿಂಗಾಗೋಯ್ತಲ್ಲ!’ ಅನ್ಬೇಕು. ಮೆತ್ತಗೆ!"

"ಸರಿ ಕಣವ್ವ."

ಊರ ಹಿರಿಯ ದಾಸಪ್ಪಜ್ಜ ಮಳೆಗಾಲವೆಲ್ಲ ಹಾಸಿಗೆ ಹಿಡಿದಿದ್ದ. ನೆಂಟರಿಷ್ಟರು ಬಂದು ಕಡೆಯದಾಗಿ ಮುಖ ನೋಡಿಕೊಂಡೂ ಹೋಗಿದ್ದರು. ಈಗ ಅಜ್ಜ ಗುಣವಾಗಿ, ಎದ್ದು ಬಂದು, ಜಗಲಿ ಮೇಲೆ ಕೂತು ಗಂಜಿ ಕುಡಿಯುತ್ತಿದ್ದ. ಮಕ್ಕಳಿಗೆ ಹಿಗ್ಗೋ ಹಿಗ್ಗು. ಮುದ್ದ ಹೋಗಿ ಅಜ್ಜನ ಪಕ್ಕದಲ್ಲೇ ಕೂತ. ಉಸ್ ಅಂತ ಉಸಿರು ಬಿಟ್ಟ. ಮೆತ್ತಗೆ ಅಂದ: "ಏನೇನೋ ಅಂದ್ಕೊಂಡು ಕಾದಿದ್ವಿ ಅಜ್ಜ, ಕೊನೆಗೆ ಹಿಂಗಾಗೋಯ್ತಲ್ಲ!"

ಗಂಜಿ ಲೋಟ ಹಾರಿ ಬಂತು. ಅಜ್ಜನ ಮಕ್ಕಳು ಮುದ್ದನ ಕೈಕಾಲು ಹಿಡಿದು ಎತ್ತಿ ಬೀದಿಗೆ ಹಾಕಿದರು.

"ಅಯ್ಯೋ ನನ್ ಕರ್ಮವೇ!" ಅಂದಳು ಸಾಕವ್ವ. "ಊರೋರ ಉಸಾಬರಿ ನಿಂಗ್ಯಾಕ್ಲಾ? ನಿಂಗೇ ಯಾರಾರ ಕೊಡ್ತೀನಿ ಅಂದು ಕೊಡ್ದೇ ಹೋದ್ರೆ, ಆಗ ಕೈ ಮುಗ್ದು, ‘ಸಾಕಪ್ಪ ನಿಮ್ ಸಾವಾಸ, ನಿಮ್ಮೇಲಿದ್ದ ಭ್ರಮೆ ಬುಟ್ಟೋಯ್ತು’ ಅನ್ನು. ತಿರುಗೀನೂ ನೋಡ್ದಂಗೆ ಬಂದ್ಬುಡು."

"ಸರಿ ಕಣವ್ವ."

ಅಷ್ಟರಲ್ಲಿ ಗೌಡರ ಕಿವಿಗೆ, ಮುದ್ದ ಬಾಯಿ ಬಿಡುತ್ತಿದ್ದಾನೆ ಅನ್ನುವ ಸುದ್ದಿ ಮುಟ್ಟಿತ್ತು. ಏನಂತ ಬಿಡುತ್ತಿದ್ದಾನೆ ಅನ್ನುವುದು ಮುಟ್ಟಿರಲಿಲ್ಲ. ಹೆಣ್ಣು ನೋಡಲು ಬನ್ನಿ ಎಂದು ಹೇಳಿ ಕಳಿಸಿದರು. ದಾರಿಯುದ್ದಕ್ಕೂ ಸಾಕವ್ವ, "ಇವತ್ತೊಂದಿನ ಆ ಮಾತೆಲ್ಲ ಕಟ್ಟಿಡು! ಏನು ಕೊಟ್ರೂ, ‘ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗದೆ’ ಅನ್ನು" ಅಂದಳು.

ಚಿಕ್ಕತಾಯಿ ಕಾಫಿ ತಂದುಕೊಟ್ಟಳು. ಗಾಬರಿಯಲ್ಲಿ ಸಕ್ಕರೆ ಬದಲು ಉಪ್ಪು ಹಾಕಿಬಿಟ್ಟಿದ್ದಳು. ನೋಡಿ, ಆಸೆ ಕೆಟ್ಟಾಗಿನ ಮಾತು ಆಡಬೇಕಾದ ಜಾಗ ಅಂದರೆ ಅದೊಂದೇ! ಮುದ್ದ ಗಟಗಟ ಕುಡಿದು, "ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗದೆ! ಇನ್ನೊಂದ್ ಲೋಟ!" ಅಂದ.

ಗೌಡರು ಒಂದು ಗುಟುಕು ಕುಡಿದು ಥೂ ಎಂದು ಉಗಿದರು. "ಉಪ್ಪಿನ ಕಾಫಿ ಕುಡ್ದೂ ನಗ್ತಾನಲ್ಲ! ಈ ಸಂಬಂಧ ಬ್ಯಾಡ!"

ಸಾಕವ್ವ ಸೆರಗು ಕೊಡವಿ ಎದ್ದಳು. ಆದರೆ ಬಾಗಿಲ ಹಿಂದಿನಿಂದ ಚಿಕ್ಕತಾಯಿ ಅಂದಳು: "ಅಪ್ಪಯ್ಯ, ನೀನು ಉಗ್ದೆ, ಅವ್ರು ಇನ್ನೊಂದ್ ಲೋಟ ಕೇಳಿದ್ರು. ನಂಗೆ ಅವ್ರೇ ಆಗ್ಲಿ."

ಮಗಳ ಮಾತಿಗೆ ಗೌಡರು ಒಪ್ಪಿದರು, ಮದುವೆಯ ದಿನವೂ ಬಂತು. ಸಾಕವ್ವನಿಗೆ ಕೈತುಂಬ ಕೆಲಸ. ಮುದ್ದ ಕೇಳಿದ: "ಅವ್ವ, ಇವತ್ತೇನನ್ಲಿ?"

"ನಾನು ಹೇಳ್ಕೊಟ್ಟಿದ್ದೆಲ್ಲ ಮರ್ತೋಯ್ತಾ? ಹೋಗ್ಲಾ ಹಸೆಮಣೆಗೆ!"

ಗೌಡರು ಎಲ್ಲರೆದುರು, "ನನ್ ಮಗಳನ್ನ ನಿಂಗೆ ಕೊಡ್ತಾ ಇದೀನಪ್ಪ" ಅಂದರು. ಆಮೇಲೆ, ಪದ್ಧತಿಯಂತೆ, ಗಂಡುಹೆಣ್ಣಿನ ನಡುವೆ ಬಿಳಿ ಬಟ್ಟೆಯ ಅಂತರಪಟ ಹಿಡಿದರು. ಮುದ್ದ ನೋಡಿದ. ಮುಂದೆ ಬಟ್ಟೆ. ಎಡಕ್ಕೆ ಬಟ್ಟೆ, ಬಲಕ್ಕೆ ಬಟ್ಟೆ. ಹೆಣ್ಣೇ ಇಲ್ಲ!

ಮುದ್ದ ಎದ್ದು ನಿಂತ. ಕೈ ಮುಗಿದ. "ಹೆಣ್ ಕೊಡ್ತೀನಿ ಅಂದು ಬಟ್ಟೆ ತೋರುಸ್ತೀರಾ? ಸಾಕಪ್ಪ ನಿಮ್ ಸಾವಾಸ! ನಿಮ್ಮೇಲಿದ್ದ ಭ್ರಮೆ ಬುಟ್ಟೋಯ್ತು!" ಅಂದವನೇ ಬಾಸಿಂಗ ಕಟ್ಟಿಕೊಂಡೇ ಹೊರಟ.

ಚಪ್ಪರವೆಲ್ಲ ಹೋ ಎಂದಿತು. ಸಾಕವ್ವ ಅಳುತ್ತಾ ಓಡಿದಳು. ಚಿಕ್ಕತಾಯಿ ಅಂತರಪಟವನ್ನು ತಾನೇ ಕಿತ್ತೆಸೆದು, ಹಾರ ಹಿಡಿದು ಓಡಿದಳು. "ರೀ, ಇಲ್ಲಿವ್ನಿ! ತಿರುಗಿ ನೋಡಿ!"

ತಿರುಗುವುದು ಹೇಗೆ? ಅವ್ವ ಬೇಡ ಅಂದಿದ್ದಾಳಲ್ಲ! ಕೊನೆಗೆ ಚಿಕ್ಕತಾಯಿ ಸುತ್ತು ಹಾಕಿ ಮುಂದೆ ಬಂದು, ಹುಣಸೇಮರದ ಕೆಳಗೆ ಅಡ್ಡಗಟ್ಟಿ ಹಾರ ಹಾಕಿಯೇಬಿಟ್ಟಳು. ಮುದ್ದ ಕಣ್ಣರಳಿಸಿದ. ಏನೋ ಹೇಳಲು ಬಾಯಿ ತೆರೆದ.

"ಬಾಯಿ ಮುಚ್ಲಾ!" ಎಂದು ಸಾಕವ್ವ ಏದುಸಿರು ಬಿಡುತ್ತಾ ಕೂಗಿದಳು. "ನಾನ್ ಹೇಳೋಗಂಟ ಬುಡ್ಬ್ಯಾಡ!"

ಮುದ್ದ ಮುಚ್ಚಿದ. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿದ್ದದ್ದಾಯಿತು, ಊಟದ ಎಲೆ ಹಾಕಿದ್ದೂ ಆಯಿತು. ಚಿಕ್ಕತಾಯಿ ತುಪ್ಪ ಸುರಿದ ಒಬ್ಬಟ್ಟು ಮುರಿದು ಗಂಡನ ತುಟಿಗೆ ಹಿಡಿದಳು. ತುಟಿ ಬಿಚ್ಚಲಿಲ್ಲ. ಕಣ್ಣು ಮಾತ್ರ ಒಬ್ಬಟ್ಟಿನಿಂದ ಅವ್ವನ ಕಡೆಗೆ, ಅವ್ವನಿಂದ ಒಬ್ಬಟ್ಟಿನ ಕಡೆಗೆ. ನೆಂಟರೆಲ್ಲ ಸುತ್ತ ನೆರೆದರು. ಲಕ್ಕೇಗೌಡರೇ ಬಂದು ಕೈ ಮುಗಿದರು.

"ಅಪ್ಪಾ ಅಳಿಯಪ್ಪ, ದಮ್ಮಯ್ಯ, ಬಾಯಿ ಬುಡಪ್ಪಾ!"

ಊಹೂಂ. ಹೇಳಬೇಕಾದ ಸಾಕವ್ವ, ಅಂತೂ ಮಗನ ಮದುವೆ ಆಯಿತಲ್ಲ ಎಂದು ಚಪ್ಪರದ ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದಳು.